ಕೋಳಿಮರಿಯ ಕಾಲು ಹೇಳಿದ ಸುದ್ದಿ



ಹೇಂಟೆಯ ಹಿಂದೆ ಚಿಂವ್ ಚಿಂವ್ ಎನ್ನುತ್ತ ಓಡುವ ಕೋಳಿಮರಿಗಳನ್ನು ನೀವು ನೋಡಿಯೇ ಇರುತ್ತೀರಿ. 21 ದಿನ ಕಾವಿನಲ್ಲಿದ್ದು ಚಿಪ್ಪೊಡೆದು ಹೊರಬಂದ ಮರಿ, ಮೈ ಒಣಗಿದ ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತದೆ. ನಾವೆಲ್ಲ ನಡೆಯುವುದಕ್ಕೆ ಸುಮಾರು ಒಂದು ವರ್ಷ ತೆಗೆದುಕೊಂಡೆವು, ಅಲ್ಲವೇ?

ಕೋಳಿಮರಿಗೆ ಕಾಲು ಬರಿಯ ನಡಿಗೆಗಷ್ಟೇ ಅಲ್ಲ. ಮಣ್ಣು ಕೆದಕಿ ಹುಳ ಹುಡುಕುವುದು ಕಾಲಿನಿಂದ. ಹದ್ದಿನ ನೆರಳು ಕಂಡಾಗ ತಾಯಿಯ ರೆಕ್ಕೆಯಡಿಗೆ ಓಡುವುದು ಕಾಲಿನಿಂದ. ನೀರಿನ ತಟ್ಟೆಯ ಹತ್ತಿರ ಹೋಗುವುದೂ ಕಾಲಿನಿಂದಲೇ. ಕಾಲಿನ ಬಲ ಹೋದ ಮರಿ, ಕಾಳು ನೀರು ಒಂದು ಗೇಣು ದೂರದಲ್ಲಿದ್ದರೂ ಹಸಿವು ಬಾಯಾರಿಕೆಯಿಂದ ಸತ್ತುಹೋಗಬಹುದು.

ಅಂಥ ಮರಿಯೊಂದು ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡುತ್ತೀರಿ? “ಔಷಧಿ ಹಾಕುತ್ತೇವೆ” ಎನ್ನುತ್ತೀರಿ. ಸರಿ, ಯಾವ ಔಷಧಿ? ಕೋಳಿಮರಿಯ ಕಾಲು ಸೋಲುವುದಕ್ಕೆ ಹಲವಾರು ಕಾರಣಗಳಿವೆ. ಒಂದಕ್ಕೆ ಕೊಡುವ ಔಷಧಿಯಿಂದ ಇನ್ನೊಂದಕ್ಕೆ ಏನೂ ಪ್ರಯೋಜನವಿಲ್ಲ. ಆದ್ದರಿಂದ ಔಷಧಿಗಿಂತ ಮೊದಲು ಕಾರಣ ಹುಡುಕಬೇಕು. ಅದನ್ನು ಹುಡುಕುವುದು ಹೇಗೆ? ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯಲ್ಲಿ ನಡೆದ ಒಂದು ಸಂಗತಿಯ ಮೂಲಕ ಹೇಳುತ್ತೇನೆ. ಅದಕ್ಕೆ ಮುಂಚೆ ಕೋಳಿಯ ಕಾಲನ್ನೇ ಸ್ವಲ್ಪ ನೋಡೋಣ.

ಹಿಂದಕ್ಕೆ ಮಡಚುವುದು ಮೊಣಕಾಲಲ್ಲ

ಕೋಳಿ ನಡೆಯುವಾಗ ಗಮನಿಸಿ. ಅದರ ಕಾಲು ನಡುವೆ ಹಿಂದಕ್ಕೆ ಮಡಚಿದಂತೆ ಕಾಣುತ್ತದೆ. “ಕೋಳಿಗೆ ಮೊಣಕಾಲು ಹಿಂದುಮುಂದು” ಎಂದು ನಗುವವರಿದ್ದಾರೆ. ಆದರೆ ಅದು ಮೊಣಕಾಲೇ ಅಲ್ಲ! ನಮ್ಮ ಹಿಮ್ಮಡಿಯ ಮೇಲೆ, ಪಾದವೂ ಕಾಲೂ ಸೇರುವ ಜಾಗದಲ್ಲಿ ಒಂದು ಕೀಲು ಇದೆಯಲ್ಲ, ಇದು ಆ ಕೀಲು. ಕೋಳಿಯ ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ ಪುಕ್ಕಗಳ ಒಳಗೆ ಅಡಗಿದೆ. ಅದು ನಮ್ಮ ಮೊಣಕಾಲಿನಂತೆಯೇ ಮಡಚುತ್ತದೆ.

ಹಾಗಾದರೆ ಆ ಕೀಲಿನಿಂದ ಕೆಳಗಿರುವ, ಪುಕ್ಕವಿಲ್ಲದ, ಕೋಲಿನಂಥ ಭಾಗ ಯಾವುದು? ಅದು ಪಾದ! ಪಾದದ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಉದ್ದ ಮೂಳೆಯಾಗಿವೆ. ನೆಲಕ್ಕೆ ತಾಗುವುದು ಬೆರಳುಗಳು ಮಾತ್ರ. ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಅಂದರೆ ಕೋಳಿ ಜೀವಮಾನವಿಡೀ ತುದಿಗಾಲಿನಲ್ಲಿಯೇ ನಡೆಯುತ್ತದೆ.

ಬೆರಳುಗಳನ್ನು ಬಿಡಿಸುವುದಕ್ಕೂ ಮಡಚುವುದಕ್ಕೂ ಸ್ನಾಯುಗಳು ಬೇಕು. ಸ್ನಾಯುಗಳಿಗೆ ಮಿದುಳಿನ ಅಪ್ಪಣೆ ಮುಟ್ಟಿಸುವುದು ನರ. ಸೊಂಟದ ಹತ್ತಿರದಿಂದ ಹೊರಟು ತೊಡೆಯೊಳಗೆ ಇಳಿದು ಬೆರಳಿನವರೆಗೂ ಕವಲೊಡೆಯುವ ಒಂದು ದೊಡ್ಡ ನರ ಪ್ರತಿ ಕಾಲಿನಲ್ಲೂ ಇದೆ. ಆದ್ದರಿಂದ ಕಾಲು ಸೋತಿದೆ ಎಂದರೆ ತೊಂದರೆ ಮೂಳೆಯಲ್ಲಿರಬಹುದು, ಕೀಲಿನಲ್ಲಿರಬಹುದು, ಸ್ನಾಯುವಿನಲ್ಲಿರಬಹುದು, ನರದಲ್ಲಿರಬಹುದು. ಅಥವಾ ಇಡೀ ಮೈಗೇ ಕಾಯಿಲೆಯಾಗಿ, ಕಾಲಿನಲ್ಲಿ ಅದು ಮೊದಲು ಕಾಣಿಸಿಕೊಂಡಿರಬಹುದು.

ಪೆಟ್ಟಿಗೆಯಲ್ಲಿದ್ದ ಒಂಬತ್ತು ಮರಿಗಳು

ಈಗ ನಮ್ಮ ಕೇರಿಯ ಸಂಗತಿ. ಪಕ್ಕದ ಮನೆಯ ಹುಡುಗಿ ಆರನೇ ತರಗತಿಯವಳು. ಅವರ ಮನೆಯ ಹೇಂಟೆ ಒಂಬತ್ತು ಮರಿ ಮಾಡಿತ್ತು. ಮೂರನೆಯ ದಿನವೇ ತಾಯಿಯನ್ನು ಮುಂಗುಸಿ ಹಿಡಿದುಕೊಂಡು ಹೋಯಿತು. ಹೊರಗೆ ಜಡಿಮಳೆ. ಹುಡುಗಿ ಮರಿಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟಳು. ಅಡಿಗೆ ಗೋಣಿತಾಟು ಹಾಸಿದಳು. ಬೆಚ್ಚಗಿರಲೆಂದು ಮೇಲೆ ಒಂದು ಬಲ್ಬು ಇಳಿಬಿಟ್ಟಳು. ದಿನಕ್ಕೆ ಮೂರು ಬಾರಿ ಅಕ್ಕಿಯ ನುಚ್ಚು, ಶುದ್ಧವಾದ ನೀರು. ಮೊಟ್ಟೆಯೊಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ದೊಡ್ಡವರೂ ಇಷ್ಟು ಮುತುವರ್ಜಿಯಿಂದ ನೋಡಿಕೊಳ್ಳುವುದಿಲ್ಲ.

ಹದಿಮೂರನೆಯ ದಿನ, ಭಾನುವಾರ ಸಂಜೆ, ಅವಳು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಹಿಂದೆಯೇ ಅವಳ ಅಜ್ಜಿಯೂ ಬಂದರು.

“ಅಕ್ಕಾ, ಇದರ ಕಾಲು ಮುರಿದಿದೆಯಾ ನೋಡಿ. ನಿಲ್ಲೋಕೇ ಆಗ್ತಿಲ್ಲ.”

“ಅದು ಉಳಿಯೋದಲ್ಲ ಮಗಾ, ಆಚೆ ಇಟ್ಟುಬಿಡು. ಉಳಿದವಕ್ಕೂ ಅಂಟಿಕೊಳ್ಳುತ್ತೆ” ಎಂದರು ಅಜ್ಜಿ.

ಅಜ್ಜಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೋಳಿಗಳಿಗೆ ಅಂಟುರೋಗ ಬಂದು ಇಡೀ ಕೇರಿಯ ಗೂಡುಗಳು ಖಾಲಿಯಾದದ್ದನ್ನು ಅವರು ಕಂಡಿದ್ದರು. ಇದು ಅಂಟುರೋಗವಾಗಿದ್ದರೆ ಆ ಮರಿಯನ್ನು ಬೇರೆ ಮಾಡಲೇಬೇಕು. ಆದರೆ ಅಂಟುರೋಗ ಅಲ್ಲದಿದ್ದರೆ? ತೊಂದರೆ ಇರುವುದು ಪೆಟ್ಟಿಗೆಯಲ್ಲಿಯೇ ಆಗಿದ್ದರೆ? ಆಗ ಈ ಮರಿಯನ್ನು ಎಸೆದರೆ ನಾಳೆ ಇನ್ನೊಂದು ಬೀಳುತ್ತದೆ, ನಾಡಿದ್ದು ಮತ್ತೊಂದು. ಒಂದು ಮರಿಯ ಪ್ರಶ್ನೆಯಲ್ಲ ಇದು, ಒಂಬತ್ತು ಮರಿಗಳ ಪ್ರಶ್ನೆ.

ಹಿತ್ತಲಿನಲ್ಲಿ ಹತ್ತು ಹನ್ನೆರಡು ಕೋಳಿ ಸಾಕಿಕೊಂಡಿರುವವಳು ನಾನು, ವೈದ್ಯಳಲ್ಲ. ಪಶು ಆಸ್ಪತ್ರೆ ತೆರೆಯುವುದು ಸೋಮವಾರ ಬೆಳಿಗ್ಗೆ. ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸ ಒಂದೇ: ಚೆನ್ನಾಗಿ ನೋಡುವುದು, ನೋಡಿದ್ದನ್ನು ಬರೆದಿಡುವುದು. “ಡಾಕ್ಟರು ಕೇಳಿದಾಗ ಹೇಳೋಕೆ ಬೇಕಲ್ಲ, ಪುಸ್ತಕ ತಗೊಂಡು ಬಾ” ಎಂದೆ.

ಎರಡು ಕೈಯಲ್ಲಿ ಎರಡು ಮರಿ

ಕಾಯಿಲೆಯ ಮರಿಯನ್ನು ಮಾತ್ರ ನೋಡಿದರೆ ಏನು ಕೆಟ್ಟಿದೆ ಎಂಬುದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಆರೋಗ್ಯದ ಮರಿ ಇದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪೆಟ್ಟಿಗೆಯನ್ನೇ ತರಿಸಿ, ಒಂದು ಕೈಯಲ್ಲಿ ಕಾಲು ಸೋತ ಮರಿ, ಇನ್ನೊಂದು ಕೈಯಲ್ಲಿ ಚುರುಕಾಗಿದ್ದ ಮರಿ ಹಿಡಿದು ಒಂದೊಂದಾಗಿ ನೋಡುತ್ತ ಹೋದೆವು. ಹುಡುಗಿ ಬರೆದುಕೊಂಡದ್ದು ಹೀಗಿತ್ತು:

1. ವಯಸ್ಸು: 13 ದಿನ.

2. ಎಷ್ಟು ಮರಿಗಳಿಗೆ: 9ರಲ್ಲಿ 3ಕ್ಕೆ. (ಪೆಟ್ಟಿಗೆಯ ಮೂಲೆಯಲ್ಲಿ ಇನ್ನೆರಡು ಮರಿಗಳು ಕುಕ್ಕರಿಸಿಕೊಂಡೇ ಓಡಾಡುತ್ತಿದ್ದವು. ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ.)

3. ಕುಳಿತಿರುವ ರೀತಿ: ಹಿಮ್ಮಡಿಯ ಕೀಲನ್ನು ನೆಲಕ್ಕೆ ಊರಿ ಕುಳಿತಿದೆ. ಮುಂದೆ ಹೋಗಬೇಕಾದರೆ ರೆಕ್ಕೆ ಬಡಿದು ತೆವಳುತ್ತದೆ.

4. ಬೆರಳುಗಳು: ಎರಡೂ ಕಾಲಿನಲ್ಲಿ ಮುಷ್ಟಿ ಹಿಡಿದಂತೆ ಒಳಕ್ಕೆ ಮಡಚಿವೆ. ನಾವು ಬಿಡಿಸಿದರೆ ಬಿಚ್ಚುತ್ತವೆ, ಕೈಬಿಟ್ಟರೆ ಮತ್ತೆ ಮಡಚುತ್ತವೆ.

5. ಗಾಯ, ಊತ, ಬಿಸಿ: ಇಲ್ಲ. ಕಾಲಿಗೆ ದಾರವಾಗಲೀ ಕೂದಲಾಗಲೀ ಸುತ್ತಿಕೊಂಡಿಲ್ಲ.

6. ಕೊಕ್ಕು: ಗಟ್ಟಿ. ಬೆರಳಿನಿಂದ ಒತ್ತಿದರೆ ಬಾಗುವುದಿಲ್ಲ.

7. ಕುತ್ತಿಗೆ, ಕಣ್ಣು, ಉಸಿರು: ಸರಿಯಾಗಿವೆ.

8. ಹಿಕ್ಕೆ: ಸ್ವಲ್ಪ ನೀರಾಗಿದೆ. ರಕ್ತವಿಲ್ಲ, ಹಸಿರು ಬಣ್ಣವಿಲ್ಲ.

9. ಹಸಿವು: ಇದೆ. ಕೊಕ್ಕಿನ ಹತ್ತಿರ ಹಿಡಿದರೆ ಗಬಗಬ ತಿನ್ನುತ್ತದೆ.

10. ಬೆಳವಣಿಗೆ: ಚುರುಕಾದ ಮರಿಗಿಂತ ಮೈ ಚಿಕ್ಕದು.

11. ಆಹಾರ: ಅಕ್ಕಿಯ ನುಚ್ಚು. ಬೇರೇನೂ ಇಲ್ಲ.

12. ನೆಲ: ಗೋಣಿತಾಟು, ಜಾರುವುದಿಲ್ಲ.

ಹನ್ನೆರಡು ಸಾಲು. ಇದಕ್ಕೆ ಬೇಕಾದದ್ದು ಎರಡು ಕಣ್ಣು, ಹತ್ತು ಬೆರಳು, ಒಂದು ಪೆನ್ಸಿಲು. ಆದರೆ ಈ ಸಾಲುಗಳಲ್ಲಿಯೇ ಉತ್ತರ ಇತ್ತು.

ಒಂದೊಂದೇ ಕಾರಣ ಬಿಡುತ್ತ ಹೋದಾಗ

ಕಾಲು ಸೋಲುವ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಂಡು ಈ ಪಟ್ಟಿಯ ಜೊತೆ ಹೋಲಿಸಿ ನೋಡೋಣ.

ಮೂಳೆ ಮುರಿದಿರಬಹುದೇ? ಮೂಳೆ ಮುರಿದರೆ ಸಾಮಾನ್ಯವಾಗಿ ಒಂದೇ ಕಾಲು. ಅಲ್ಲಿ ಊತ ಇರುತ್ತದೆ, ಮುಟ್ಟಿದರೆ ಮರಿ ಕಿರುಚುತ್ತದೆ. ಇಲ್ಲಿ ಮೂರು ಮರಿಗಳ ಎರಡೆರಡು ಕಾಲೂ ಒಂದೇ ರೀತಿ ಆಗಿವೆ. ಆರು ಕಾಲು ಒಟ್ಟಿಗೆ ಮುರಿಯುವುದುಂಟೇ? ಇದನ್ನು ಬಿಡೋಣ.

ಕಾಲು ಜಾರಿರಬಹುದೇ? ಮೊದಲ ದಿನಗಳಲ್ಲಿ ನುಣುಪಾದ ನೆಲದ ಮೇಲೆ, ಹರಡಿದ ಪತ್ರಿಕೆಯ ಮೇಲೆ ಬೆಳೆದ ಮರಿಗಳ ಕಾಲು ಎರಡು ಪಕ್ಕಕ್ಕೆ ಜಾರಿ ಅಗಲವಾಗಿ ನಿಂತುಬಿಡುತ್ತವೆ. ಬೇಗ ಗಮನಿಸಿದರೆ, ಎರಡು ಕಾಲಿನ ನಡುವೆ ಸರಿಯಾದ ಅಂತರ ಬಿಟ್ಟು ಮೆತ್ತನೆಯ ಬಟ್ಟೆಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಒರಟು ನೆಲದ ಮೇಲೆ ಬಿಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆದರೆ ನಮ್ಮ ಮರಿಯ ಕಾಲು ಪಕ್ಕಕ್ಕೆ ಹೋಗಿರಲಿಲ್ಲ, ನೆಲವೂ ನುಣುಪಾಗಿರಲಿಲ್ಲ. ಇದೂ ಅಲ್ಲ.

ಕೀಲಿನ ನಾರು ಸರಿದಿರಬಹುದೇ? ಹಿಮ್ಮಡಿಯ ಕೀಲಿನ ಹಿಂದೆ ಒಂದು ಗಟ್ಟಿ ನಾರು ತೋಡಿನಲ್ಲಿ ಕುಳಿತಿರುತ್ತದೆ. ಆಹಾರದಲ್ಲಿ ಮ್ಯಾಂಗನೀಸ್ ಮುಂತಾದ ಕೆಲವು ಅಂಶಗಳು ಕಡಿಮೆಯಾದರೆ ಕೀಲು ದಪ್ಪಗಾಗಿ ಆ ನಾರು ಪಕ್ಕಕ್ಕೆ ಸರಿದು, ಕಾಲು ಸೊಟ್ಟಗೆ ತಿರುಗುತ್ತದೆ. ನಮ್ಮ ಮರಿಯ ಕೀಲು ಚುರುಕು ಮರಿಯ ಕೀಲಿನಷ್ಟೇ ಇತ್ತು. ಇದೂ ಅಲ್ಲ.

ಮೂಳೆ ಮೆತ್ತಗಾಗಿರಬಹುದೇ? ಬಿಸಿಲು ಕಾಣದ ಮರಿಗಳಿಗೆ ಡಿ ಜೀವಸತ್ವ ಕಡಿಮೆಯಾಗಿ, ಮೂಳೆಗೆ ಸುಣ್ಣದ ಅಂಶ ಸೇರದೆ ಕಾಲು ಬಾಗುತ್ತದೆ. ಆಗ ಕೊಕ್ಕು ಕೂಡ ರಬ್ಬರಿನಂತೆ ಬಳುಕುತ್ತದೆ. ಮಳೆಗಾಲ, ಮನೆಯೊಳಗಿನ ಪೆಟ್ಟಿಗೆ, ಅನುಮಾನ ಬರಬೇಕಾದದ್ದೇ. ಆದರೆ ಕೊಕ್ಕು ಗಟ್ಟಿಯಾಗಿತ್ತು. ಇದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ರಾಣಿಖೇತ್ ರೋಗವೇ? ಇದನ್ನು ನಮ್ಮಲ್ಲಿ ಕೊಕ್ಕರೆ ರೋಗ ಎಂದೂ ಕರೆಯುತ್ತಾರೆ. ಅಜ್ಜಿ ಹೆದರಿದ್ದು ಇದಕ್ಕೇ. ವೈರಸ್ಸಿನಿಂದ ಬರುವ ಭಯಂಕರ ಅಂಟುರೋಗ. ಉಸಿರಾಟಕ್ಕೆ ತೊಂದರೆ, ಹಸಿರು ಭೇದಿ, ಕುತ್ತಿಗೆ ತಿರುಚುವುದು, ಕಾಲು ರೆಕ್ಕೆ ಬಿದ್ದುಹೋಗುವುದು ಇದರ ಲಕ್ಷಣಗಳು. ಮರಿಗಳು ಮಂಕಾಗಿ ಆಹಾರ ಬಿಡುತ್ತವೆ. ನಮ್ಮ ಮರಿ ಗಬಗಬ ತಿನ್ನುತ್ತಿತ್ತು. ಇದಿರಲಾರದು.

ಮಾರೆಕ್ ರೋಗವೇ? ಹಂಗೇರಿ ದೇಶದ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕಾಲು ರೆಕ್ಕೆ ಸೋತ ನಾಲ್ಕು ಹುಂಜಗಳನ್ನು ಪರೀಕ್ಷಿಸಿ ಈ ಕಾಯಿಲೆಯನ್ನು ವಿವರಿಸಿದರು. ಇದೂ ವೈರಸ್ಸಿನದು. ಕಾಲಿನ ನರಗಳನ್ನೇ ಹಿಡಿಯುತ್ತದೆ. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಮಲಗಿದ ಕೋಳಿ ಕಂಡರೆ ಮೊದಲು ನೆನಪಿಗೆ ಬರಬೇಕಾದದ್ದು ಇದು. ಆದರೆ 13 ದಿನದ ಮರಿಯಲ್ಲಿ ಇದು ಕಾಣಿಸಿಕೊಳ್ಳುವುದಿಲ್ಲ. ಇನ್ನೂ ಕೆಲವು ವಾರ ಬೆಳೆದ ಮೇಲೆ ಬರುತ್ತದೆ. ಕ್ಯಾಲೆಂಡರಿನ ಗುರುತು ಎಷ್ಟು ಉಪಯೋಗಕ್ಕೆ ಬಂತು ನೋಡಿದಿರಾ?

ಉಳಿದದ್ದು ನಾಲ್ಕನೆಯ ಸಾಲು ಮತ್ತು ಹನ್ನೊಂದನೆಯ ಸಾಲು: ಮುಷ್ಟಿ ಹಿಡಿದ ಬೆರಳು, ಬರಿ ನುಚ್ಚಿನ ಆಹಾರ.

ನುಚ್ಚಿನಲ್ಲಿ ಏನಿರಲಿಲ್ಲ?

ಒಂದರಿಂದ ಮೂರು ವಾರದ ಮರಿಗಳಲ್ಲಿ ಎರಡೂ ಕಾಲಿನ ಬೆರಳು ಒಳಕ್ಕೆ ಸುರುಳಿಯಾಗಿ, ಹಿಮ್ಮಡಿಯ ಮೇಲೆ ಕೂತುಬಿಡುವುದು ಬಿ2 ಜೀವಸತ್ವದ ಕೊರತೆಯ ಗುರುತು. ಈ ಜೀವಸತ್ವದ ಹೆಸರು ರೈಬೋಫ್ಲೇವಿನ್. ತಿಂದ ಆಹಾರದಿಂದ ಶಕ್ತಿ ಪಡೆಯಲು ಮೈಯ ಪ್ರತಿಯೊಂದು ಜೀವಕೋಶಕ್ಕೂ ಇದು ಬೇಕು. ಇದು ಸಿಗದಿದ್ದರೆ ಮರಿಯ ತೊಡೆಯ ದೊಡ್ಡ ನರ ಊದಿಕೊಂಡು ಮೆತ್ತಗಾಗುತ್ತದೆ. ಮಿದುಳು “ಬೆರಳು ಬಿಡಿಸು” ಎಂದು ಅಪ್ಪಣೆ ಕೊಟ್ಟರೂ ಅದು ಬೆರಳಿಗೆ ಮುಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡಿ. ಬೆಳೆಯುವ ಕೋಳಿಮರಿ ತಿನ್ನುವ ಒಂದು ಕಿಲೋ ಆಹಾರದಲ್ಲಿ ಸುಮಾರು 3.6 ಮಿಲಿಗ್ರಾಂ ರೈಬೋಫ್ಲೇವಿನ್ ಇರಬೇಕು. ಪಾಲಿಶ್ ಮಾಡಿದ ಒಂದು ಕಿಲೋ ಅಕ್ಕಿಯಲ್ಲಿ ಇರುವುದು ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ. ಅಂದರೆ ಬೇಕಾದದ್ದರ ಏಳನೆಯ ಒಂದು ಭಾಗ! ಮರಿಯ ಹೊಟ್ಟೆ ತುಂಬಿತ್ತು, ನರ ಹಸಿದಿತ್ತು.

“ಹಾಗಾದರೆ ಮೊದಲ ವಾರವೇ ಯಾಕೆ ಬೀಳಲಿಲ್ಲ?” ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮೊಟ್ಟೆಯೊಳಗೆ ಮರಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಹೊರಬರುವ ಮುಂಚೆ ಉಳಿದ ಹಳದಿ ಭಾಗವನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಮೊದಲ ಎರಡು ಮೂರು ದಿನ ಅದರಲ್ಲಿಯೇ ಕಳೆಯಬಹುದು. ಮೈಯಲ್ಲಿದ್ದ ಜೀವಸತ್ವವೂ ಸ್ವಲ್ಪ ದಿನ ಬರುತ್ತದೆ. ಬುತ್ತಿ ಮುಗಿದ ಮೇಲೆ ಕೊರತೆ ಕಾಣಿಸುತ್ತದೆ.

ಇನ್ನೊಂದು ಪ್ರಶ್ನೆ ನೀವು ಕೇಳಬಹುದು: ಹಳ್ಳಿಯ ಕೋಳಿಗಳಿಗೆ ಎಲ್ಲರೂ ನುಚ್ಚನ್ನೇ ಹಾಕುತ್ತಾರೆ, ಅವಕ್ಕೇನೂ ಆಗುವುದಿಲ್ಲವಲ್ಲ? ನಿಜ. ಆದರೆ ಆ ಮರಿಗಳು ನುಚ್ಚನ್ನು ಮಾತ್ರ ತಿನ್ನುವುದಿಲ್ಲ. ತಾಯಿ ತಿಪ್ಪೆ ಕೆದಕಿ “ಕೊಕ್ ಕೊಕ್” ಎಂದು ಕರೆದು ಹುಳು, ಗೆದ್ದಲು, ಎಳೆ ಹುಲ್ಲು ತೋರಿಸುತ್ತದೆ. ನುಚ್ಚಿನಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ. ಮುಂಗುಸಿ ಆ ಮನೆಯಿಂದ ಒಂದು ಕೋಳಿಯನ್ನು ಮಾತ್ರವಲ್ಲ, ಒಂಬತ್ತು ಮರಿಗಳ ತಿಪ್ಪೆಯನ್ನೂ ಕಸಿದಿತ್ತು.

ಚಿಕಿತ್ಸೆ

ಆ ರಾತ್ರಿಯೇ ಮೂರು ಮರಿಗಳನ್ನು ಬೇರೆ ಬುಟ್ಟಿಗೆ ಹಾಕಿದೆವು. ಉಳಿದವು ಅವನ್ನು ತುಳಿಯಬಾರದು, ಅಕಸ್ಮಾತ್ ಅಂಟುರೋಗವೇ ಆಗಿದ್ದರೂ ಹರಡಬಾರದು. ನೀರು, ಆಹಾರ ಕೊಕ್ಕಿಗೆ ಎಟುಕುವಂತೆ ಇಟ್ಟೆವು. ಒಂದು ಮೊಟ್ಟೆ ಬೇಯಿಸಿ ಪುಡಿಮಾಡಿ ಒಂಬತ್ತಕ್ಕೂ ಹಾಕಿದೆವು.

“ಕೋಳಿಮರಿಗೆ ಕೋಳಿಮೊಟ್ಟೆಯಾ?” ಎಂದು ಹುಡುಗಿ ನಕ್ಕಳು. ಯಾಕಾಗಬಾರದು? 21 ದಿನ ಮೊಟ್ಟೆಯೊಳಗಿದ್ದಾಗ ಅದು ತಿಂದದ್ದು ಅದನ್ನೇ ತಾನೇ! ರೈಬೋಫ್ಲೇವಿನ್ ಬೇಯಿಸಿದರೆ ಸುಲಭವಾಗಿ ಹಾಳಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿ ಅಪ್ಪನ ಜೊತೆ ಮರಿಗಳನ್ನೂ ಪುಸ್ತಕವನ್ನೂ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರು ಮರಿಗಳನ್ನು ನೋಡಿ, ಹನ್ನೆರಡು ಸಾಲನ್ನೂ ಓದಿ, ಬಿ2 ಕೊರತೆಯೇ ಎಂದರು. ಬಿ ಗುಂಪಿನ ಜೀವಸತ್ವಗಳ ದ್ರಾವಣ ಕೊಟ್ಟು, ಕುಡಿಯುವ ನೀರಿಗೆ ಎಷ್ಟು ಹನಿ ಹಾಕಬೇಕೆಂದು ಬರೆದುಕೊಟ್ಟರು. ಇಂಥ ಮರಿಗೆ ಒಮ್ಮೆಗೆ ಬೇಕಾಗುವ ರೈಬೋಫ್ಲೇವಿನ್ ಎಷ್ಟು ಗೊತ್ತೇ? ಸುಮಾರು 100 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು!

ಡಾಕ್ಟರು ಇನ್ನೂ ಒಂದು ಮಾತು ಹೇಳಿದರು: “ಔಷಧಿಯ ನೀರನ್ನು ಬಿಸಿಲಿನಲ್ಲಿ ಇಡಬೇಡ. ದಿನವೂ ಹೊಸದಾಗಿ ಬೆರೆಸು.” ಬಿಸಿಗೆ ಜಗ್ಗದ ರೈಬೋಫ್ಲೇವಿನ್ ಬೆಳಕಿಗೆ ಹಾಳಾಗುತ್ತದೆ.

ಔಷಧಿಯಷ್ಟೇ ಸಾಲದು, ಊಟವೂ ಬದಲಾಗಬೇಕು. ಪೇಟೆಯಿಂದ ಕೋಳಿಮರಿಗಳಿಗೆಂದೇ ಮಾಡಿದ ಹಿಟ್ಟಿನ ಆಹಾರ, ಅಂದರೆ ಚಿಕ್ ಮ್ಯಾಶ್ ಬಂತು. ಜೊತೆಗೆ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು. ಈಗ ಅಜ್ಜಿಯೂ ಮುಂದೆ ಬಂದರು. ಹಳೆಯ ಮಡಕೆಯೊಂದಕ್ಕೆ ಒದ್ದೆ ಹುಲ್ಲು, ಸಗಣಿ ತುಂಬಿ, ಗೆದ್ದಲು ಇರುವ ಕಡೆ ಬೋರಲು ಹಾಕಿಟ್ಟರು. ಮಾರನೆಯ ದಿನ ಮಡಕೆ ಎತ್ತಿದರೆ ಒಳಗೆಲ್ಲ ಗೆದ್ದಲು! “ನಮ್ಮ ಕಾಲದಲ್ಲಿ ಮರಿಗಳಿಗೆ ಇದೇ ಔಷಧಿ” ಎಂದರು. ಜೀವಸತ್ವದ ಹೆಸರು ಅವರಿಗೆ ಗೊತ್ತಿರಲಿಲ್ಲ, ಆದರೆ ಮರಿಗೆ ಏನು ಬೇಕೆಂಬುದು ಗೊತ್ತಿತ್ತು.

ಫಲಿತಾಂಶ ಏನಾಯಿತು? ಕುಕ್ಕರಿಸಿಕೊಂಡು ಓಡಾಡುತ್ತಿದ್ದ ಎರಡು ಮರಿಗಳು ಮೂರನೆಯ ದಿನಕ್ಕೆ ಬೆರಳು ಬಿಡಿಸಿ ನಿಂತವು. ಚೆನ್ನಾಗಿದ್ದ ಆರರಲ್ಲಿ ಒಂದೂ ಬೀಳಲಿಲ್ಲ. ಅಂಗೈಯಲ್ಲಿ ಬಂದ ಮೊದಲನೆಯ ಮರಿ ಮಾತ್ರ ಎದ್ದು ನಿಲ್ಲಲು ಹತ್ತು ದಿನ ತೆಗೆದುಕೊಂಡಿತು. ಅದರ ಎಡಗಾಲಿನ ಬೆರಳುಗಳು ಪೂರ್ತಿ ಬಿಚ್ಚಲೇ ಇಲ್ಲ. ನರ ಹೆಚ್ಚು ದಿನ ಹಾಳಾಗಿದ್ದರೆ ಜೀವಸತ್ವ ಕೊಟ್ಟರೂ ಮೊದಲಿನಂತಾಗುವುದಿಲ್ಲ. ಕುಂಟುತ್ತಲೇ ಅದು ಬೆಳೆದು ಹೇಂಟೆಯಾಗಿದೆ. ಬೇಗ ಗಮನಿಸುವುದಕ್ಕೂ ತಡವಾಗಿ ಗಮನಿಸುವುದಕ್ಕೂ ಎಷ್ಟು ವ್ಯತ್ಯಾಸವೆಂದು ಅದರ ಎಡಗಾಲು ನೋಡಿದರೆ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ದ್ರಾವಣ, ಮೊಟ್ಟೆ, ಸೊಪ್ಪು, ಗೆದ್ದಲು, ಹೊಸ ಆಹಾರ ಎಲ್ಲವನ್ನೂ ಒಟ್ಟಿಗೆ ಕೊಟ್ಟೆವು. ಮರಿ ಉಳಿಸುವುದಕ್ಕೆ ಅದೇ ಸರಿಯಾದ ದಾರಿ. ಆದರೆ ಇದರಲ್ಲಿ ಯಾವುದರಿಂದ ಎಷ್ಟು ಗುಣವಾಯಿತು ಎಂದು ಯಾರಾದರೂ ಕೇಳಿದರೆ ಹೇಳಲಾಗುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು. ಹಾಗೆ ನೋಡಿದವರೊಬ್ಬರ ಕಥೆ ಕೇಳಿ. ಅದೂ ಕಾಲು ಸೋತ ಕೋಳಿಗಳ ಕಥೆಯೇ.

ಜಾವಾದ ಕೋಳಿಗಳು

ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪ ಆಗ ಡಚ್ಚರ ಆಳ್ವಿಕೆಯಲ್ಲಿತ್ತು. ಅಲ್ಲಿ ಬೆರಿಬೆರಿ ಎಂಬ ಕಾಯಿಲೆ ಜನರನ್ನು ಕಾಡುತ್ತಿತ್ತು. ಕಾಲು ಜೋಮು ಹಿಡಿದು ಸೋಲುವುದು, ಕೊನೆಗೆ ಹೃದಯವೇ ಸೋಲುವುದು. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಸೇನಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇದರ ಕಾರಣ ಹುಡುಕುತ್ತಿದ್ದರು. ರೋಗಗಳು ಸೂಕ್ಷ್ಮಜೀವಿಗಳಿಂದ ಬರುತ್ತವೆ ಎಂದು ಆಗಷ್ಟೇ ತಿಳಿದಿದ್ದ ಕಾಲ ಅದು. ಐಕ್‌ಮನ್ನರೂ ಸೂಕ್ಷ್ಮಜೀವಿಯನ್ನೇ ಹುಡುಕುತ್ತಿದ್ದರು.

1889ರಲ್ಲಿ ಪ್ರಯೋಗಾಲಯದ ಕೋಳಿಗಳು ತೂರಾಡತೊಡಗಿದವು. ಕಾಲು ಸೋತು ಬಿದ್ದವು. ಅಂಟುರೋಗವಿರಬೇಕು ಎಂದುಕೊಂಡರು. ಆದರೆ ಕೆಲವು ತಿಂಗಳ ಮೇಲೆ ಕಾಯಿಲೆ ತಾನಾಗಿಯೇ ನಿಂತುಹೋಯಿತು! ಏನು ಬದಲಾಗಿದೆ ಎಂದು ಐಕ್‌ಮನ್ ವಿಚಾರಿಸಿದರು. ಬದಲಾಗಿದ್ದು ಕೋಳಿಗಳ ಊಟ. ಖರ್ಚು ಉಳಿಸಲು ಕೆಲಸದವನು ಅವಕ್ಕೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದನಂತೆ. ಆಮೇಲೆ ಹೊಸ ಅಡುಗೆಯವನು ಬಂದ. ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲು ಅವನು ಒಪ್ಪಲಿಲ್ಲ! ಕೋಳಿಗಳಿಗೆ ಮತ್ತೆ ತೌಡು ಹೋಗದ ಅಕ್ಕಿ ಬಂತು, ಕಾಲೂ ಬಂತು.

ಐಕ್‌ಮನ್ ಅಲ್ಲಿಗೆ ನಿಲ್ಲಿಸಲಿಲ್ಲ. ಕೋಳಿಗಳಿಗೆ ಬಿಳಿ ಅಕ್ಕಿ ಕೊಟ್ಟು ನೋಡಿದರು, ಕಾಯಿಲೆ ಬಂತು. ತೌಡು ಸೇರಿಸಿ ಕೊಟ್ಟು ನೋಡಿದರು, ಗುಣವಾಯಿತು. ಮನುಷ್ಯರಲ್ಲಿಯೂ ಹೀಗೆಯೇ ಇರಬಹುದೇ? ಅಡಾಲ್ಫ್ ಫೋರ್ಡರ್‌ಮನ್ ಎಂಬ ಅಧಿಕಾರಿ ಜಾವಾದ 101 ಸೆರೆಮನೆಗಳ ಲೆಕ್ಕ ತೆಗೆದರು. ಪಾಲಿಶ್ ಅಕ್ಕಿ ಉಣ್ಣುವ ಕಡೆ 39 ಜನರಲ್ಲಿ ಒಬ್ಬರಿಗೆ ಬೆರಿಬೆರಿ. ತೌಡುಳ್ಳ ಅಕ್ಕಿ ಉಣ್ಣುವ ಕಡೆ ಹತ್ತು ಸಾವಿರದಲ್ಲಿ ಒಬ್ಬರಿಗೆ.

ಆದರೂ ಐಕ್‌ಮನ್ನರು ಅಕ್ಕಿಯಲ್ಲಿ ಯಾವುದೋ ವಿಷವಿದೆ, ತೌಡು ಅದಕ್ಕೆ ಮದ್ದು ಎಂದುಕೊಂಡಿದ್ದರು. ವಿಷವಲ್ಲ, ಮೈಗೆ ಬೇಕಾದ ಏನೋ ಒಂದು ಪಾಲಿಶ್ ಅಕ್ಕಿಯಲ್ಲಿ ಇಲ್ಲ ಎಂದು 1901ರಲ್ಲಿ ಹೇಳಿದವರು ಅವರ ನಂತರ ಅಲ್ಲಿ ಕೆಲಸ ಮಾಡಿದ ಗೆರಿಟ್ ಗ್ರೈನ್ಸ್. ಕಾಸಿಮಿರ್ ಫಂಕ್ 1912ರಲ್ಲಿ ಇಂಥ ವಸ್ತುಗಳಿಗೆ ‘ವಿಟಮಿನ್’ ಎಂಬ ಹೆಸರು ತಂದರು. ತೌಡಿನಲ್ಲಿದ್ದ ಆ ವಸ್ತು ಬಿ1 ಜೀವಸತ್ವ, ಥಯಾಮಿನ್. 1929ರ ನೊಬೆಲ್ ಪ್ರಶಸ್ತಿಯಲ್ಲಿ ಐಕ್‌ಮನ್ನರಿಗೆ ಪಾಲು ಸಿಕ್ಕಿತು.

ಜಾವಾದ ಕೋಳಿಗಳದು ಬಿ1 ಕೊರತೆ, ನಮ್ಮ ಕೇರಿಯ ಮರಿಗಳದು ಬಿ2. ಇವೆರಡೂ ಅಕ್ಕಿಯ ಒಳಗಿಗಿಂತ ಹೊರಪದರದಲ್ಲಿ ಹೆಚ್ಚು. ಪಾಲಿಶ್ ಮಾಡುವಾಗ ತೌಡಿನ ಜೊತೆ ಹೊರಟುಹೋಗುತ್ತವೆ. ನಮ್ಮ ಕರಾವಳಿ, ಮಲೆನಾಡಿನವರು ಕುಚ್ಚಲಕ್ಕಿ ಉಣ್ಣುತ್ತಾರಲ್ಲ, ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊರಪದರದ ಥಯಾಮಿನ್ ಸ್ವಲ್ಪ ಒಳಕ್ಕೆ ಇಳಿದು ಉಳಿದುಕೊಳ್ಳುತ್ತದೆ. ಬಿಸಿಯೂಟದಲ್ಲಿ ಅನ್ನದ ಜೊತೆ ಬೇಳೆ, ತರಕಾರಿ, ಸೊಪ್ಪು ಯಾಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ತಟ್ಟೆಯ ಅಂಚಿಗೆ ಸೊಪ್ಪು ಸರಿಸಿಡುವವರು ಯಾರಾದರೂ ನಿಮ್ಮಲ್ಲಿದ್ದಾರೆಯೇ?

ಇವಿಷ್ಟು ನೆನಪಿರಲಿ

ಕಾಲು ಸೋತ ಎಲ್ಲ ಮರಿಗಳೂ ಜೀವಸತ್ವದಿಂದ ಗುಣವಾಗುವುದಿಲ್ಲ. ಮಾರೆಕ್ ರೋಗಕ್ಕೂ ರಾಣಿಖೇತ್ ರೋಗಕ್ಕೂ ಔಷಧಿಯೇ ಇಲ್ಲ. ಬಾರದಂತೆ ಮೊದಲೇ ಲಸಿಕೆ ಹಾಕಿಸಬೇಕು. ಯಾವ ಲಸಿಕೆ, ಯಾವ ವಯಸ್ಸಿನಲ್ಲಿ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಪುಡಿಮಾಡಿ ಹಾಕಬೇಡಿ. ಮರಿಗಳನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಒಂದೇ ಸಮನೆ ಹಲವು ಕೋಳಿಗಳು ಸತ್ತರೆ ಅವನ್ನು ಮುಟ್ಟಲೇಬೇಡಿ, ತಕ್ಷಣ ದೊಡ್ಡವರಿಗೆ ಹೇಳಿ ಪಶುವೈದ್ಯರಿಗೆ ತಿಳಿಸಿ.

ನೀವೂ ಮಾಡಿ ನೋಡಿ

1. ರೈಬೋಫ್ಲೇವಿನ್ನಿನ ಬಣ್ಣ ಹಳದಿ. ಹಸಿ ಮೊಟ್ಟೆ ಒಡೆದಾಗ ಬಿಳಿಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ತೆಳ್ಳಗೆ ಹಳದಿ ಮಿಶ್ರಿತ ಹಸಿರು ಛಾಯೆ ಕಾಣುತ್ತದೆಯೇ? ಗಟ್ಟಿ ಮೊಸರಿನ ಮೇಲೆ ನಿಲ್ಲುವ ತಿಳಿನೀರಿನಲ್ಲಿಯೂ ಅದೇ ಛಾಯೆ ಹುಡುಕಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರ ಮೂತ್ರ ಗಾಢ ಹಳದಿಯಾಗುವುದೂ ಇದರಿಂದಲೇ.

2. ನಡೆಯುತ್ತಿರುವ ಕೋಳಿಯ ಚಿತ್ರ ಬರೆದು ಮೊಣಕಾಲು, ಹಿಮ್ಮಡಿಯ ಕೀಲು, ಪಾದ, ಬೆರಳು ಎಲ್ಲಿವೆ ಎಂದು ಗುರುತಿಸಿ. ಪಕ್ಕದಲ್ಲಿ ನಿಮ್ಮ ಕಾಲಿನ ಚಿತ್ರವನ್ನೂ ಬರೆಯಿರಿ.

3. ನಿಮ್ಮ ಮನೆಯಲ್ಲಿ ಮರಿಗಳಿದ್ದರೆ ಮೊಟ್ಟೆಯೊಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟು ಮರಿ, ಏನು ತಿಂದವು, ಹೇಗೆ ನಡೆದವು, ವಾರಕ್ಕೊಮ್ಮೆ ಬರೆದಿಡಿ. ಬರೆದದ್ದನ್ನು ತರಗತಿಗೆ ತಂದು ನಿಮ್ಮ ಶಿಕ್ಷಕರಿಗೂ ಗೆಳೆಯರಿಗೂ ತೋರಿಸಿ.